ಡೆಸ್ಕ್‌ಟಾಪ್ ಗಡಿಯಾರ ದಿನಾ ಬೆಳಿಗ್ಗೆ 2012ಕ್ಕೆ ಹೋಗುತ್ತದೆ, ಹೊಸ ಸೆಲ್ ಹಾಕಿದರೂ ಸರಿಯಾಗಿಲ್ಲ

ಅಡಿಕೆಮಂಡಿ_ಶಿರಸಿ

ಎಲ್ಲರಿಗೂ ನಮಸ್ಕಾರ. ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿನ ಗಡಿಯಾರದ್ದೇ ತಕರಾರು.

ಅಸೆಂಬಲ್ಡ್ ಮಷಿನ್. ಎಚ್61 ಮದರ್‌ಬೋರ್ಡ್, ಮೂರನೇ ಜನರೇಶನ್ ಐ3, ಎಸ್‌ಎಸ್‌ಡಿ, ವಿಂಡೋಸ್ 10. ಮಳೆಗಾಲವಾದ್ದರಿಂದ ರಾತ್ರಿ ಅಂಗಡಿ ಮುಚ್ಚುವಾಗ ಸಿಡಿಲಿಗೆ ಹೆದರಿ ಪ್ಲಗ್ಗನ್ನೇ ಕಿತ್ತಿಡುತ್ತೇವೆ. ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ‘ಸಿಮಾಸ್ ಡೇಟ್/ಟೈಮ್ ನಾಟ್ ಸೆಟ್, ಪ್ರೆಸ್ ಎಫ್1’ ಎಂದು ಬರುತ್ತದೆ. ಎಫ್1 ಒತ್ತಿದರೆ ವಿಂಡೋಸ್ ತೆರೆದುಕೊಳ್ಳುತ್ತದೆ, ಆದರೆ ತಾರೀಖು 1-1-2012. ಕ್ರೋಮ್‌ನಲ್ಲಿ ಜಿಎಸ್‌ಟಿ ಪೋರ್ಟಲ್ ತೆರೆಯುವುದಿಲ್ಲ, ‘ಯುವರ್ ಕ್ಲಾಕ್ ಈಸ್ ಬಿಹೈಂಡ್’ ಎನ್ನುತ್ತದೆ. ‘ಸಿಂಕ್ ನೌ’ ಒತ್ತಿದರೂ ಆಗುವುದಿಲ್ಲ. ಇಂಟರ್ನೆಟ್ ಸರಿಯಾಗಿಯೇ ಇದೆ. ಕೈಯಲ್ಲಿ ತಾರೀಖು ತಿದ್ದಿದರೆ ಸಂಜೆವರೆಗೂ ಏನೂ ತೊಂದರೆ ಇಲ್ಲ. ಮಧ್ಯೆ ರೀಸ್ಟಾರ್ಟ್ ಮಾಡಿದರೂ ಸಮಯ ಸರಿಯಾಗಿಯೇ ಇರುತ್ತದೆ.

ಸಿಮಾಸ್ ಸೆಲ್ (ಮದರ್‌ಬೋರ್ಡಿನ ಗಡಿಯಾರ ನಡೆಸುವ ನಾಣ್ಯದಾಕಾರದ ಬ್ಯಾಟರಿ) ಹಾಕಿಸಿ ಮೂರು ತಿಂಗಳೂ ಆಗಿಲ್ಲ. ಹಾಕಿಸಿದ ಮೇಲೆ ಕೆಲವು ವಾರ ಸರಿ ಇತ್ತು, ಈಗ ಮತ್ತೆ ಅದೇ ಕಥೆ. ರಿಪೇರಿಯವರು ‘ಬೋರ್ಡ್ ಹೋಗಿದೆ, ಬದಲಾಯಿಸಿ’ ಅನ್ನುತ್ತಿದ್ದಾರೆ. ನಿಜವಾ?

ಇನ್ನೊಂದು ಪ್ರಶ್ನೆ. ಮನೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು, ವಿಂಡೋಸ್ ಎರಡೂ ಇವೆ. ಮಗಳು ಉಬುಂಟು ಬಳಸಿದ ಮೇಲೆ ವಿಂಡೋಸ್ ಹಾಕಿದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಅದಕ್ಕೂ ಸೆಲ್ ಬದಲಾಯಿಸಬೇಕಾ?

ಬೆಸುಗೆಕಡ್ಡಿ

ಸರ್, ಬೋರ್ಡ್ ಬದಲಾಯಿಸಲು ಈಗಲೇ ಒಪ್ಪಬೇಡಿ. ಲ್ಯಾಪ್‌ಟಾಪಿನ ಸೆಲ್ ಸರಿಯಾಗಿಯೇ ಇದೆ. ಅದರ ಕಾಯಿಲೆ ಬೇರೆ, ಗೊತ್ತಿದ್ದವರು ಕೆಳಗೆ ಹೇಳುತ್ತಾರೆ. ನಾನು ಡೆಸ್ಕ್‌ಟಾಪ್ ಬಗ್ಗೆ ಮಾತ್ರ ಬರೆಯುತ್ತೇನೆ.

ಕಂಪ್ಯೂಟರಿನಲ್ಲಿ ಎರಡು ಗಡಿಯಾರಗಳಿವೆ. ಒಂದು ಮದರ್‌ಬೋರ್ಡಿನದು, ಆರ್‌ಟಿಸಿ ಎನ್ನುತ್ತಾರೆ. ಸೆಕೆಂಡಿಗೆ 32,768 ಸಲ ಕಂಪಿಸುವ ಒಂದು ಸಣ್ಣ ಕ್ರಿಸ್ಟಲ್ ಅದನ್ನು ನಡೆಸುತ್ತದೆ. ಇನ್ನೊಂದು ವಿಂಡೋಸಿನದು. ಅದು ಬೂಟ್ ಆಗುವಾಗ ಆರ್‌ಟಿಸಿಯಿಂದ ಸಮಯ ಓದಿಕೊಂಡು, ಆಮೇಲೆ ತಾನೇ ಎಣಿಸುತ್ತಾ ಹೋಗುತ್ತದೆ. ಕೆಟ್ಟಿರುವುದು ಯಾವುದು ಎಂದು ತಿಳಿಯಲು ಬೆಳಿಗ್ಗೆ ಆನ್ ಮಾಡಿದ ತಕ್ಷಣ ಡಿಲೀಟ್ ಕೀ ಒತ್ತಿ ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ, ಅಲ್ಲಿನ ಸಮಯವನ್ನು ಮೊಬೈಲ್ ಪಕ್ಕ ಇಟ್ಟು ನೋಡಿ. ಬಯೋಸ್‌ನಲ್ಲೇ ತಪ್ಪಿದ್ದರೆ ದೋಷ ಬೋರ್ಡ್ ಅಥವಾ ಸೆಲ್ ಕಡೆಯದು. ಬಯೋಸ್‌ನಲ್ಲಿ ಸರಿಯಿದ್ದು ವಿಂಡೋಸ್‌ನಲ್ಲಿ ತಪ್ಪಾದರೆ ಸೆಟ್ಟಿಂಗ್ ಕಡೆಯದು. ಎಫ್1 ಸಂದೇಶ ಬರುತ್ತಿರುವುದರಿಂದ ನಿಮ್ಮದು ಮೊದಲನೆಯದೇ.

ಹಗಲಲ್ಲಿ ರೀಸ್ಟಾರ್ಟ್ ಮಾಡಿದರೆ ಯಾಕೆ ಸರಿ ಇರುತ್ತದೆ ಎಂದರೆ, ಎಸ್‌ಎಂಪಿಎಸ್‌ಗೆ (ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ ಡಬ್ಬಿಗೆ) ಗೋಡೆಯಿಂದ ಕರೆಂಟ್ ಬರುತ್ತಿರುವವರೆಗೆ ಕಂಪ್ಯೂಟರ್ ಆಫ್ ಇದ್ದರೂ 5 ವೋಲ್ಟ್ ಸ್ಟ್ಯಾಂಡ್‌ಬೈ ಸಪ್ಲೈ ಬೋರ್ಡಿಗೆ ಹೋಗುತ್ತಲೇ ಇರುತ್ತದೆ. ಆರ್‌ಟಿಸಿ ಅದರಲ್ಲೇ ನಡೆಯುತ್ತದೆ, ಸೆಲ್ಲಿನ ಅಗತ್ಯವೇ ಬೀಳುವುದಿಲ್ಲ. ಪ್ಲಗ್ ಕಿತ್ತ ಮೇಲೆ ಮಾತ್ರ ಸೆಲ್ಲಿನ ಪರೀಕ್ಷೆ. ಸತ್ತ ಸೆಲ್ ಇಟ್ಟುಕೊಂಡೂ ಎಷ್ಟೋ ಮಷಿನ್‌ಗಳು ವರ್ಷಗಟ್ಟಲೆ ಚೆನ್ನಾಗಿರುವುದು ಇದೇ ಕಾರಣಕ್ಕೆ. ಹಾಗಂತ ಮಲೆನಾಡಿನ ಮಳೆಗಾಲದಲ್ಲಿ ಪ್ಲಗ್ ಕೀಳುವುದನ್ನು ಬಿಡಬೇಡಿ. ಗಡಿಯಾರ ಹೋದರೆ ತಿದ್ದಬಹುದು, ಸಿಡಿಲಿಗೆ ಬೋರ್ಡ್ ಹೋದರೆ ಏನೂ ಮಾಡಲು ಬರುವುದಿಲ್ಲ.

ಈಗ ಸೆಲ್ ನೋಡಿ. ಬಿಚ್ಚುವ ಮುಂಚೆ ಬಯೋಸ್‌ನ ಎಲ್ಲ ಪುಟಗಳ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಸಾಟಾ ಮೋಡ್ (ಬೋರ್ಡ್ ಎಸ್‌ಎಸ್‌ಡಿ ಜೊತೆ ಮಾತಾಡುವ ವಿಧಾನ) ಐಡಿಇ ಇದೆಯೋ ಎಎಚ್‌ಸಿಐ ಇದೆಯೋ ಎಂಬುದಂತೂ ಬೇಕೇ ಬೇಕು. ಸೆಲ್ ತೆಗೆದಾಗ ಬಯೋಸ್ ತನ್ನ ಡಿಫಾಲ್ಟ್‌ಗೆ ಹೋಗುತ್ತದೆ. ಆ ಮೋಡ್ ಬದಲಾದರೆ ವಿಂಡೋಸ್ ನೀಲಿ ಪರದೆಗೆ ಬಂದು ನಿಲ್ಲುತ್ತದೆ, ಜನ ಎಸ್‌ಎಸ್‌ಡಿ ಹೋಯಿತು ಎಂದು ಗಾಬರಿಯಾಗುತ್ತಾರೆ.

ಪ್ಲಗ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಇಳಿಯಲಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ. ಹೋಲ್ಡರಿನ ಅಂಚಲ್ಲಿರುವ ಸಣ್ಣ ಕೊಕ್ಕೆಯನ್ನು ಟೆಸ್ಟರ್ ತುದಿಯಿಂದ ಹೊರಗೆ ತಳ್ಳಿದರೆ ಸೆಲ್ ತಾನೇ ಮೇಲೇಳುತ್ತದೆ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಅಳೆಯಿರಿ. ಹೊಸ ಸೆಲ್ 3.0ರಿಂದ 3.3 ತೋರಿಸಬೇಕು. 2.8ಕ್ಕಿಂತ ಕೆಳಗಿದ್ದರೆ ಅದರ ಆಯಸ್ಸು ಮುಗಿದಂತೆ. ಬರೀ ವೋಲ್ಟೇಜ್ ನೋಡಿ ನಂಬಬೇಡಿ, ಕಳಪೆ ಸೆಲ್ ಲೋಡ್ ಇಲ್ಲದಾಗ 3.1 ತೋರಿಸಿ ಲೋಡ್ ಬಿದ್ದ ತಕ್ಷಣ ಕುಸಿಯುತ್ತದೆ. 1 ಕಿಲೋಓಮ್ ರೆಸಿಸ್ಟರನ್ನು ಸೆಲ್ಲಿಗೆ ಅಡ್ಡ ಹಿಡಿದು ಐದು ಸೆಕೆಂಡ್ ಅಳೆಯಿರಿ. ಒಳ್ಳೆಯ ಸೆಲ್ 2.9ರ ಮೇಲೇ ನಿಲ್ಲುತ್ತದೆ.

ಸೆಲ್ಲಿನ ಮೇಲೆ ಏನು ಕೆತ್ತಿದೆ ಎಂದೂ ಓದಿ. ಸಿಆರ್2032 ಇರಬೇಕು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂದು ಅದರ ಅರ್ಥ. ಅಂಗಡಿಯಲ್ಲಿ ಸಿಆರ್2025 ಕೊಟ್ಟುಬಿಡುವುದುಂಟು. ಅಗಲ ಅದೇ ಆದ್ದರಿಂದ ಹೋಲ್ಡರಿನಲ್ಲಿ ಕೂರುತ್ತದೆ, ಆದರೆ ದಪ್ಪ 2.5 ಮಾತ್ರ. ಕೆಳಗಿನ ಸ್ಪ್ರಿಂಗ್ ಸರಿಯಾಗಿ ಒತ್ತುವುದಿಲ್ಲ, ಒಮ್ಮೆ ತಾಗಿ ಒಮ್ಮೆ ಬಿಡುತ್ತದೆ.

ಅಳತೆ ಇಲ್ಲಿ ಹಾಕಿ, ಮುಂದಿನದು ಹೇಳುತ್ತೇನೆ.

ಸರ್ವರ್‌ರೂಮ್_ದಾವಣಗೆರೆ

ಸಿಂಕ್ ಯಾಕೆ ಆಗುತ್ತಿಲ್ಲ ಎಂಬುದಕ್ಕೆ ಉತ್ತರ ನಾನು ಕೊಡುತ್ತೇನೆ. ಬಹಳ ಜನ ಇಲ್ಲೇ ದಾರಿ ತಪ್ಪುತ್ತಾರೆ.

ಡೊಮೇನಿಗೆ (ಕಂಪನಿ ಸರ್ವರ್‌ನ ನಿಯಂತ್ರಣಕ್ಕೆ) ಸೇರಿಸದ ವಿಂಡೋಸ್ ಮಷಿನ್‌ಗಳಲ್ಲಿ ಟೈಮ್ ಸರ್ವಿಸ್‌ಗೆ ಒಂದು ಮಿತಿ ಇದೆ: 54,000 ಸೆಕೆಂಡ್, ಅಂದರೆ 15 ಗಂಟೆ. ಗಡಿಯಾರ ಅದಕ್ಕಿಂತ ಹೆಚ್ಚು ಹಿಂದೆಯೋ ಮುಂದೆಯೋ ಇದ್ದರೆ ಸರ್ವರ್ ಸರಿಯಾದ ಸಮಯ ಕೊಟ್ಟರೂ ವಿಂಡೋಸ್ ಒಪ್ಪುವುದಿಲ್ಲ. ನೀವು 2012ರಲ್ಲಿ ನಿಂತು ಸಿಂಕ್ ಒತ್ತುತ್ತಿದ್ದೀರಿ, ವ್ಯತ್ಯಾಸ ವರ್ಷಗಳದ್ದು. ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್ ತೆರೆದು ಟೈಮ್ ಸರ್ವಿಸ್‌ನ ಈವೆಂಟ್ 34 ಹುಡುಕಿ, ಈ 54,000ದ ಮಾತೇ ಅಲ್ಲಿ ಬರೆದಿರುತ್ತದೆ.

ದಾರಿ ಸುಲಭ. ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಡೇಟ್ ಅಂಡ್ ಟೈಮ್‌ಗೆ ಹೋಗಿ. ‘ಸೆಟ್ ಟೈಮ್ ಆಟೊಮ್ಯಾಟಿಕಲಿ’ ಆಫ್ ಮಾಡಿ, ‘ಚೇಂಜ್’ ಒತ್ತಿ ತಾರೀಖು ಮತ್ತು ಸಮಯವನ್ನು ಅಂದಾಜಿಗೆ ಸರಿಮಾಡಿ. ನಿಮಿಷ ಆಚೀಚೆ ಆದರೂ ಅಡ್ಡಿಯಿಲ್ಲ. ಟೈಮ್ ಝೋನ್ ‘ಚೆನ್ನೈ, ಕೋಲ್ಕತಾ, ಮುಂಬೈ, ನ್ಯೂ ಡೆಲ್ಲಿ’ ಇದೆಯೇ ನೋಡಿ. ಆಮೇಲೆ ಆಟೊಮ್ಯಾಟಿಕ್ ಆನ್ ಮಾಡಿ ‘ಸಿಂಕ್ ನೌ’ ಒತ್ತಿ. ಈಗ ಒಪ್ಪುತ್ತದೆ.

ಆಗಲೂ ಆಗದಿದ್ದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸರ್ವಿಸಸ್ ಡಾಟ್ ಎಂಎಸ್‌ಸಿ ಎಂದು ಹೊಡೆದು ಸರ್ವಿಸಸ್ ಪಟ್ಟಿ ತೆರೆದು ‘ವಿಂಡೋಸ್ ಟೈಮ್’ ಡಿಸೇಬಲ್ ಆಗಿದೆಯೇ ನೋಡಿ. ಕಂಪ್ಯೂಟರ್ ವೇಗ ಹೆಚ್ಚಿಸುತ್ತೇವೆ ಎನ್ನುವ ಟ್ಯೂನಪ್ ತಂತ್ರಾಂಶಗಳು ಇದನ್ನು ಆಫ್ ಮಾಡಿಬಿಡುತ್ತವೆ. ಆಟೊಮ್ಯಾಟಿಕ್‌ಗೆ ಇಟ್ಟು ಸ್ಟಾರ್ಟ್ ಮಾಡಿ. ಅದೂ ಸರಿಯಿದ್ದರೆ ನೆಟ್‌ವರ್ಕ್ ಅನುಮಾನಿಸಿ. ಸಮಯ ತರುವ ಎನ್‌ಟಿಪಿ ಸಂದೇಶ ಹೋಗುವುದು ಯುಡಿಪಿ ಪೋರ್ಟ್ 123ರಲ್ಲಿ, ಕೆಲವು ರೌಟರ್ ಮತ್ತು ಫೈರ್‌ವಾಲ್‌ಗಳು ಅದನ್ನು ತಡೆಯುತ್ತವೆ. ವೆಬ್‌ಸೈಟುಗಳು ತೆರೆಯುತ್ತಿವೆ ಎಂಬುದು ಅದಕ್ಕೆ ಸಾಕ್ಷಿಯಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಸಿಂಕ್ ಒತ್ತಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಸರ್ವರ್ ಬದಲಾಯಿಸಬೇಕೆಂದರೆ ಕಂಟ್ರೋಲ್ ಪ್ಯಾನೆಲ್‌ನ ಡೇಟ್ ಅಂಡ್ ಟೈಮ್, ಇಂಟರ್ನೆಟ್ ಟೈಮ್ ಟ್ಯಾಬ್, ಚೇಂಜ್ ಸೆಟ್ಟಿಂಗ್ಸ್. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸರ್ವರ್ ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್. ಭಾರತೀಯ ಕಾಲಮಾನವನ್ನು ಕಾಯುವವರು ಅವರೇ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯದು ಸಮಯ್1 ಡಾಟ್ ಎನ್‌ಐಸಿ ಡಾಟ್ ಇನ್. ಇದನ್ನು ಓದುತ್ತಿರುವ ಕಂಪನಿಯವರಿಗೆ ಒಂದು ಮಾತು: ಲಾಗ್‌ಗಳ ಸಮಯ ಒಂದೇ ಸಮ ಇರಲೆಂದು ಈ ಎರಡರಲ್ಲೊಂದು ಸಂಸ್ಥೆಯ ಸರ್ವರ್‌ಗೆ, ಇಲ್ಲವೇ ಅವುಗಳ ಸಮಯವನ್ನೇ ಅನುಸರಿಸುವ ಸರ್ವರ್‌ಗೆ ಹೊಂದಿಸಿಕೊಳ್ಳಬೇಕೆಂದು ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿದೆ.

15 ಗಂಟೆಯ ಮಿತಿಯನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಒಳ ಸೆಟ್ಟಿಂಗ್‌ಗಳ ಕೋಶದಲ್ಲಿ) ತೆಗೆದುಹಾಕುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಬೇಡ. ತಪ್ಪು ಸರ್ವರ್ ಒಂದು ತಪ್ಪು ವರ್ಷ ಕೊಟ್ಟರೆ ಬಿಲ್‌ಗಳ ತಾರೀಖೆಲ್ಲ ಅದರ ಹಿಂದೆ ಹೋಗಬಾರದು ಎಂದೇ ಆ ಮಿತಿ ಇಟ್ಟಿರುವುದು. ಸೆಲ್ ಸರಿಮಾಡಿ, ಮಿತಿ ಇರಲಿ.

ಪೆಂಗ್ವಿನ್_ಮೈಸೂರು

ಲ್ಯಾಪ್‌ಟಾಪಿನದು ರಿಪೇರಿಯ ವಿಷಯವೇ ಅಲ್ಲ. ತಪ್ಪು ಕರಾರುವಾಕ್ಕಾಗಿ ಐದೂವರೆ ಗಂಟೆ ಎಂದರೆ ಎರಡು ಆಪರೇಟಿಂಗ್ ಸಿಸ್ಟಮ್‌ಗಳ ನಡುವಿನ ಭಿನ್ನಾಭಿಪ್ರಾಯ. ಆರ್‌ಟಿಸಿಯಲ್ಲಿ ಟೈಮ್ ಝೋನ್ ಎಂಬ ಮಾಹಿತಿಯೇ ಇರುವುದಿಲ್ಲ, ಬರೀ ತಾರೀಖು ಮತ್ತು ಸಮಯ. ಅಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ತಿಳಿಯುತ್ತದೆ, ಯುಟಿಸಿ (ಜಾಗತಿಕ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಎಂದು ಉಬುಂಟುವಿನಂಥ ಲಿನಕ್ಸ್ ತಿಳಿಯುತ್ತದೆ. ಬೆಳಿಗ್ಗೆ 10 ಗಂಟೆಗೆ ಉಬುಂಟು 4:30 ಎಂದು ಬರೆದಿಡುತ್ತದೆ, ಆಮೇಲೆ ಬರುವ ವಿಂಡೋಸ್ ಅದನ್ನು ಇದ್ದ ಹಾಗೆ ಓದಿ 4:30 ತೋರಿಸುತ್ತದೆ.

ಒಂದು ಕಡೆ ಮಾತ್ರ ಬದಲಾಯಿಸಿ. ಎರಡೂ ಕಡೆ ಬದಲಾಯಿಸಿದರೆ ಜಗಳ ತಿರುಗುಮುರುಗಾಗಿ ಮುಂದುವರಿಯುತ್ತದೆ. ಸುಲಭದ್ದು ಉಬುಂಟು ಕಡೆಯದು. ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಗೆ ಸೆಟ್-ಲೋಕಲ್-ಆರ್‌ಟಿಸಿ ಎಂದು ಸೇರಿಸಿ, ಮುಂದೆ 1 ಹಾಕಿ ಎಂಟರ್ ಒತ್ತಿ. ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ. ವಾಪಸ್ ಬೇಕೆಂದರೆ 1ರ ಜಾಗದಲ್ಲಿ 0. ಬರೀ ಟೈಮ್‌ಡೇಟ್‌ಸಿಟಿಎಲ್ ಎಂದು ಹೊಡೆದರೆ ಈಗಿನ ಸ್ಥಿತಿ ಕಾಣುತ್ತದೆ, ಜೊತೆಗೆ ಒಂದು ಎಚ್ಚರಿಕೆಯೂ ಬರುತ್ತದೆ: ಬೇಸಿಗೆ ಸಮಯ ಬದಲಾದಾಗ, ಟೈಮ್ ಝೋನ್ ಬದಲಿಸಿದಾಗ ತೊಂದರೆಯಾಗಬಹುದು ಎಂದು. ಗಡಿಯಾರವನ್ನು ವರ್ಷಕ್ಕೆರಡು ಸಲ ಹಿಂದೆ ಮುಂದೆ ಮಾಡುವ ಪದ್ಧತಿ ನಮ್ಮ ದೇಶದಲ್ಲಿ ಇಲ್ಲ, ಶಿರಸಿಯ ಮನೆಯಲ್ಲಿರುವ ಲ್ಯಾಪ್‌ಟಾಪಿಗೆ ಅದರಿಂದ ಬಾಧೆಯಿಲ್ಲ. ಅಮೆರಿಕ, ಯುರೋಪಿನಲ್ಲಿರುವ ಕನ್ನಡಿಗರು ಮಾತ್ರ ಈ ದಾರಿ ಬಿಟ್ಟು ವಿಂಡೋಸ್ ಕಡೆ ಬದಲಾಯಿಸುವುದು ಒಳ್ಳೆಯದು.

ಸರ್ವರ್‌ರೂಮ್_ದಾವಣಗೆರೆ

ನನ್ನ ಮತ ವಿಂಡೋಸ್ ಕಡೆಗೇ. ಉಬುಂಟು ಮರುಸ್ಥಾಪಿಸಿದರೆ ಅಥವಾ ಮಗಳು ಇನ್ನೊಂದು ಲಿನಕ್ಸ್ ಹಾಕಿದರೆ ಮತ್ತೆ ಇದೇ ಸಮಸ್ಯೆ ಬರುತ್ತದೆ. ವಿಂಡೋಸ್ ರಿಜಿಸ್ಟ್ರಿಯಲ್ಲಿ ಲೋಕಲ್ ಮಷಿನ್, ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಟೈಮ್‌ಝೋನ್‌ಇನ್ಫರ್ಮೇಶನ್ ತನಕ ಹೋಗಿ, ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬ ಡಿವರ್ಡ್ ಸೃಷ್ಟಿಸಿ ಬೆಲೆ 1 ಕೊಟ್ಟು ರೀಸ್ಟಾರ್ಟ್ ಮಾಡಿ, ಆಮೇಲೆ ಒಮ್ಮೆ ಸಿಂಕ್ ಒತ್ತಿ. ರಿಜಿಸ್ಟ್ರಿ ಮುಟ್ಟಲು ಧೈರ್ಯವಿಲ್ಲದವರಿಗೆ ಮೇಲಿನ ದಾರಿಯೇ ಸರಿ, ಒಪ್ಪುತ್ತೇನೆ.

ತಪ್ಪಿನ ಅಳತೆ ನೋಡುವ ಅಭ್ಯಾಸ ಎಲ್ಲರೂ ಮಾಡಿಕೊಳ್ಳಿ. ವಿಂಡೋಸ್ ಹೊಸದಾಗಿ ಹಾಕಿದಾಗ ಅಮೆರಿಕದ ಪೆಸಿಫಿಕ್ ಸಮಯದಲ್ಲಿ ಉಳಿದುಬಿಟ್ಟರೆ ಹದಿಮೂರೂವರೆ ಗಂಟೆ ಹಿಂದೆ, ಅಲ್ಲಿ ಬೇಸಿಗೆಯಾದರೆ ಹನ್ನೆರಡೂವರೆ. ಪಟ್ಟಿಯಲ್ಲಿ ಕೈತಪ್ಪಿ ಕಾಠ್ಮಂಡು ಆರಿಸಿದರೆ ಹದಿನೈದು ನಿಮಿಷ ಮುಂದೆ, ಢಾಕಾ ಆದರೆ ಅರ್ಧ ಗಂಟೆ. ಇಂಥವುಗಳಿಗೆಲ್ಲ ಸ್ಕ್ರೂಡ್ರೈವರ್ ಹಿಡಿಯುವ ಅಗತ್ಯವೇ ಇಲ್ಲ. ಗಡಿಯಾರವನ್ನು ಕೈಯಲ್ಲಿ ತಿದ್ದಲೂ ಹೋಗಬೇಡಿ, ಝೋನ್ ಬದಲಾಯಿಸಿ.

ಅಡಿಕೆಮಂಡಿ_ಶಿರಸಿ

ಇಬ್ಬರು ಮೂವರು ಇಷ್ಟು ವಿವರವಾಗಿ ಬರೆದಿದ್ದೀರಿ, ತುಂಬಾ ಉಪಕಾರ. ಲ್ಯಾಪ್‌ಟಾಪ್ ಉಬುಂಟು ಕಡೆಯಿಂದಲೇ ಸರಿಯಾಯಿತು. ಡೆಸ್ಕ್‌ಟಾಪ್ ತಾರೀಖು ತಿದ್ದಿ ಸಿಂಕ್ ಒತ್ತಿದೆ, ಒಪ್ಪಿತು.

ಸೆಲ್ ಸಿಆರ್2032 ಎಂದೇ ಇದೆ, ಹೆಸರಿರುವ ಕಂಪನಿಯದ್ದೇ. ಮೀಟರಿನಲ್ಲಿ 2.41 ವೋಲ್ಟ್. ಅದೇ ಕಂಪನಿಯ ಹೊಸದೊಂದು ತಂದೆ, ಅದು 3.22. ರೆಸಿಸ್ಟರ್ ಹಿಡಿದಾಗ 3.1. ಹಾಕಲಾ, ಅಥವಾ ಇದೂ ಮೂರು ತಿಂಗಳಿಗೆ ಹೋಗುತ್ತದಾ?

ಬೆಸುಗೆಕಡ್ಡಿ

ಈಗಲೇ ಹಾಕಬೇಡಿ. ಒಳ್ಳೆಯ ಸೆಲ್ ಮೂರು ತಿಂಗಳಲ್ಲಿ 2.41ಕ್ಕೆ ಇಳಿದಿದೆ ಎಂದರೆ ಬೋರ್ಡ್ ಎಲ್ಲೋ ಕರೆಂಟ್ ಸೋರಿಸುತ್ತಿದೆ. ಲೆಕ್ಕ ನೋಡಿ. ಸಿಆರ್2032ರ ಸಾಮರ್ಥ್ಯ ಸುಮಾರು 220 ಮಿಲಿಆಂಪ್‌ಅವರ್. ಆರ್‌ಟಿಸಿ ಎಳೆಯುವುದು ಐದಾರು ಮೈಕ್ರೋಆಂಪ್, ಹಾಗಾಗಿ ಪ್ಲಗ್ ಸದಾ ಕಿತ್ತಿಟ್ಟರೂ ನಾಲ್ಕೈದು ವರ್ಷ ಬರಬೇಕು. ಅದೇ ಎಳೆತ 100 ಮೈಕ್ರೋಆಂಪ್ ಆದರೆ 2,200 ಗಂಟೆ, ಅಂದರೆ ಮೂರು ತಿಂಗಳು. ನಿಮ್ಮದಕ್ಕೆ ಪ್ಲಗ್ಗಿನಿಂದ ಹಗಲೆಲ್ಲ ಬಿಡುವು ಸಿಗುತ್ತದೆ, ಆದ್ದರಿಂದ ಸೋರಿಕೆ ಇನ್ನೂ ಹೆಚ್ಚೇ ಇರಬಹುದು.

ಅಳೆಯುವುದು ಹೀಗೆ. ಸೆಲ್ ಹೋಲ್ಡರಿನ ಹೊರಗೇ ಇರಲಿ. ಸೆಲ್ಲಿನ ಮೈನಸ್‌ನಿಂದ ಒಂದು ವೈರ್ ಹೋಲ್ಡರಿನ ತಳದ ಸ್ಪ್ರಿಂಗಿಗೆ. ಪ್ಲಸ್‌ನಿಂದ ಅದೇ 1 ಕಿಲೋಓಮ್ ರೆಸಿಸ್ಟರ್ ಮೂಲಕ ಹೋಲ್ಡರಿನ ಪಕ್ಕದ ಪಟ್ಟಿಗೆ. ವೈರ್‌ಗಳನ್ನು ಪೇಪರ್ ಟೇಪಿನಿಂದ ಅಂಟಿಸಿ. ಮೀಟರನ್ನು 200 ಮಿಲಿವೋಲ್ಟ್ ರೇಂಜಿಗೆ ಇಟ್ಟು ರೆಸಿಸ್ಟರಿನ ಎರಡು ತುದಿಗೆ ಹಿಡಿಯಿರಿ. 1 ಕಿಲೋಓಮ್‌ಗೆ 1 ಮಿಲಿವೋಲ್ಟ್ ಎಂದರೆ ಸರಿಯಾಗಿ 1 ಮೈಕ್ರೋಆಂಪ್, ಬೇರೆ ಲೆಕ್ಕವೇ ಬೇಡ. ಮೊದಲಿಗೆ ಕೆಪಾಸಿಟರ್ ತುಂಬುವಾಗ ಹೆಚ್ಚು ತೋರಿಸುತ್ತದೆ, ಒಂದು ನಿಮಿಷ ಕಾಯಿರಿ. ಎಸ್‌ಎಂಪಿಎಸ್ ಪ್ಲಗ್ ಹೊರಗೇ ಇರಬೇಕು, ಇಲ್ಲವಾದರೆ ಸ್ಟ್ಯಾಂಡ್‌ಬೈ ಸಪ್ಲೈ ಕೊಟ್ಟು ರೀಡಿಂಗ್ ಸೊನ್ನೆಗೆ ಬರುತ್ತದೆ.

ಹತ್ತರ ಒಳಗಿದ್ದರೆ ಬೋರ್ಡ್ ಆರೋಗ್ಯವಾಗಿದೆ. ಹೆಚ್ಚಿದ್ದರೆ ಮೊದಲು ಸಿಮಾಸ್ ಕ್ಲಿಯರ್ ಜಂಪರ್ (ಬಯೋಸ್ ಸೆಟ್ಟಿಂಗ್ ಅಳಿಸಲು ಬೋರ್ಡಿನಲ್ಲಿರುವ ಪಿನ್‌ಗಳು) ಮೇಲಿನ ಕ್ಯಾಪ್ 1-2ನೇ ಪಿನ್‌ಗಳಲ್ಲಿ ಇದೆಯೇ ನೋಡಿ, ಬೋರ್ಡ್ ಮ್ಯಾನುಯಲ್‌ನಲ್ಲಿ ಚಿತ್ರವಿರುತ್ತದೆ. ಆಮೇಲೆ ಹೋಲ್ಡರ್ ಸುತ್ತ ಟಾರ್ಚ್ ಬಿಟ್ಟು ನೋಡಿ. ಮಲೆನಾಡು ಕರಾವಳಿಯ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು: ತೇವ ಹಿಡಿದ ಧೂಳು ಮತ್ತು ಹಲ್ಲಿ, ಜಿರಲೆಯ ಹಿಕ್ಕೆ. ಒಣಗಿದ್ದಾಗ ಅದು ಸುಮ್ಮನಿರುತ್ತದೆ, ಗಾಳಿಯಲ್ಲಿ ತೇವ ಏರಿದಾಗ ಕರೆಂಟ್ ಹರಿಯಲು ದಾರಿ ಮಾಡಿಕೊಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್, 99 ಶೇಕಡಾದ್ದು, ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಲ್ಲಿ ಅದ್ದಿ ಹೋಲ್ಡರಿನ ಸುತ್ತ, ಕ್ರಿಸ್ಟಲ್ ಸುತ್ತ, ಜಂಪರ್ ಪಿನ್‌ಗಳ ಬುಡದಲ್ಲಿ ಉಜ್ಜಿ. ಸಾಧ್ಯವಾದರೆ ಬೋರ್ಡ್ ಬಿಚ್ಚಿ ಹಿಂಭಾಗವನ್ನೂ ಒರೆಸಿ. ಪೆಟ್ರೋಲ್, ಥಿನ್ನರ್ ಬೇಡ, ಪ್ಲಾಸ್ಟಿಕ್ ಹಾಳಾಗುತ್ತದೆ. ಫ್ಯಾನ್ ಗಾಳಿಗೆ ಒಂದು ಗಂಟೆ ಒಣಗಿಸಿ ಮತ್ತೆ ಅಳೆಯಿರಿ.

ತೊಳೆದ ಮೇಲೂ ಇಳಿಯದಿದ್ದರೆ ಸೆಲ್ ಮತ್ತು ಸ್ಟ್ಯಾಂಡ್‌ಬೈ ಸೇರುವಲ್ಲಿರುವ ಮೂರು ಕಾಲಿನ ಸಣ್ಣ ಡಯೋಡ್ ಅಥವಾ ಅದರ ಪಕ್ಕದ ಕೆಪಾಸಿಟರ್ ಸೋರುತ್ತಿರಬಹುದು. ಚಿಪ್ ಲೆವೆಲ್ ಕೆಲಸ ಬಲ್ಲವರಿಗೆ ಅದು ಸಣ್ಣ ಕೆಲಸ, ಬೋರ್ಡ್ ಬದಲಾಯಿಸುವ ಮಾತು ಅದಕ್ಕೂ ಆಮೇಲೆ.

ಅಡಿಕೆಮಂಡಿ_ಶಿರಸಿ

ಮೊದಲು 128 ಮಿಲಿವೋಲ್ಟ್ ಇತ್ತು. ಜಂಪರ್ ಸರಿ ಇದೆ. ಹೋಲ್ಡರ್ ಮತ್ತು ಜಂಪರ್ ನಡುವೆ ಕಂದು ಬಣ್ಣದ ಒಣಗಿದ ಕಲೆ, ಹಲ್ಲಿಯದ್ದೇ. ಉಜ್ಜಿ ಒಣಗಿಸಿದ ಮೇಲೆ 7. ಸೆಲ್ ಹಾಕಿ, ಸಾಟಾ ಮೋಡ್ ಫೋಟೊ ನೋಡಿ ಎಎಚ್‌ಸಿಐಗೆ ತಂದೆ, ವಿಂಡೋಸ್ ಬಂತು. ರಾತ್ರಿ ಪ್ಲಗ್ ಕಿತ್ತಿಟ್ಟು ಬೆಳಿಗ್ಗೆ ನೋಡಿದರೆ ಎಫ್1 ಬರಲಿಲ್ಲ, ಸಮಯ ಸರಿಯಾಗಿದೆ.

ಬೆಸುಗೆಕಡ್ಡಿ

ಒಳ್ಳೆಯದಾಯಿತು. ಹಿಂಭಾಗದ ಖಾಲಿ ಸ್ಲಾಟ್‌ಗಳಿಗೆ ತಗಡಿನ ಪಟ್ಟಿ ಹಾಕಿಸಿ, ಹಲ್ಲಿ ಒಳಗೆ ಹೋಗುವುದು ಅಲ್ಲಿಂದಲೇ. ತೆಗೆದ ಹಳೆಯ ಸೆಲ್ಲಿಗೆ ಎರಡೂ ಕಡೆ ಟೇಪ್ ಸುತ್ತಿ ಮಕ್ಕಳ ಕೈಗೆ ಸಿಗದಂತೆ ಇಡಿ. ಗಡಿಯಾರ ನಡೆಸಲಾಗದ ಸೆಲ್ಲಿನಲ್ಲೂ ಮಗುವಿನ ಅನ್ನನಾಳ ಸುಡುವಷ್ಟು ಶಕ್ತಿ ಉಳಿದಿರುತ್ತದೆ, ಎರಡು ಗಂಟೆಯೊಳಗೇ ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು.

ಡಿಟಿಪಿ_ಗದಗ

ಇದೇ ವಿಷಯ, ಒಂದು ಪ್ರಶ್ನೆ. ನಮ್ಮಲ್ಲಿ ತಾರೀಖು ಹೋಗುವುದಿಲ್ಲ, ಆದರೆ ವಾರಕ್ಕೆ ಮೂರ್ನಾಲ್ಕು ನಿಮಿಷ ಹಿಂದೆ ಬೀಳುತ್ತದೆ. ಇಂಟರ್ನೆಟ್ ಇಲ್ಲದ ಮಷಿನ್. ಕ್ರಿಸ್ಟಲ್ ಹಳೆಯದಾಗಿದೆಯಾ?

ಬೆಸುಗೆಕಡ್ಡಿ

ಕ್ರಿಸ್ಟಲ್ ಅಷ್ಟು ತಪ್ಪುವುದಿಲ್ಲ ಸರ್. ಸಾಮಾನ್ಯ ಕ್ರಿಸ್ಟಲ್‌ನ ತಪ್ಪು ಹತ್ತು ಲಕ್ಷಕ್ಕೆ 20 ಭಾಗ, ದಿನಕ್ಕೆ 1.7 ಸೆಕೆಂಡ್, ವಾರಕ್ಕೆ 12 ಸೆಕೆಂಡ್. ನಿಮ್ಮದು ಅದರ ಹದಿನೈದರಿಂದ ಇಪ್ಪತ್ತು ಪಟ್ಟು.

ಆಫ್ ಇದ್ದಾಗ ಹಿಂದೆ ಬೀಳುತ್ತದೋ, ನಡೆಯುವಾಗಲೋ ಎಂದು ಮೊದಲು ಬೇರೆ ಮಾಡಿ. ಸಂಜೆ ಮೊಬೈಲ್ ನೋಡಿ ಸೆಕೆಂಡಿಗೆ ಸರಿಯಾಗಿ ಹೊಂದಿಸಿ, ಶಟ್‌ಡೌನ್ ಮಾಡಿ ಪ್ಲಗ್ ತೆಗೆಯಿರಿ. ಬೆಳಿಗ್ಗೆ ಬಯೋಸ್‌ನಲ್ಲಿ ಓದಿ. ಅಲ್ಲೇ ಕಡಿಮೆಯಿದ್ದರೆ ಸೆಲ್ ಸೊರಗಿದೆ. ವೋಲ್ಟೇಜ್ ಇಳಿದಾಗ ಕ್ರಿಸ್ಟಲ್ ಆಗಾಗ ನಿಂತು ಮತ್ತೆ ಹೊರಡುತ್ತದೆ, ಆದರೆ ಬಯೋಸ್ ನೆನಪು ಉಳಿದುಕೊಳ್ಳುವುದರಿಂದ ಎಫ್1 ಸಂದೇಶ ಬರುವುದಿಲ್ಲ. ಸೆಲ್ ಪೂರ್ತಿ ಸಾಯುವ ಮೊದಲಿನ ಹಂತ ಇದು. ಬೆಳಿಗ್ಗೆ ಬಯೋಸ್‌ನಲ್ಲಿ ಸರಿಯಿದ್ದು ಸಂಜೆಗೆ ವಿಂಡೋಸ್‌ನಲ್ಲಿ ಕಡಿಮೆಯಾದರೆ ಸೆಲ್ಲಿನ ತಪ್ಪಲ್ಲ, ಆಗ ಬಯೋಸ್‌ನಲ್ಲಿ ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗ) ಏನಾದರೂ ಆಗಿದ್ದರೆ ಡಿಫಾಲ್ಟ್‌ಗೆ ತಂದು ನೋಡಿ.

ಇಂಟರ್ನೆಟ್ ಇಲ್ಲದ ಮಷಿನ್‌ಗೆ ತಿಂಗಳಿಗೊಮ್ಮೆ ಹಾಟ್‌ಸ್ಪಾಟ್ ಕೊಟ್ಟು ಸಿಂಕ್ ಒತ್ತಿದರೆ ಸಾಕು. ಲ್ಯಾಪ್‌ಟಾಪ್ ಆಗಿದ್ದರೆ ಮಾತ್ರ ಸೆಲ್ ಕೊಳ್ಳುವ ಮೊದಲು ಬಿಚ್ಚಿ ನೋಡಿ. ಕೆಲವದರಲ್ಲಿ ಎರಡು ವೈರ್ ಬೆಸೆದು ಪ್ಲಾಸ್ಟಿಕ್ ಹೊದಿಸಿದ ಸಿಆರ್2032 ಇರುತ್ತದೆ, ಕೆಲವದರಲ್ಲಿ ಎಂಎಲ್1220 ಎಂಬ ರೀಚಾರ್ಜ್ ಆಗುವ ಸೆಲ್, ಕೆಲವದರಲ್ಲಿ ಬೇರೆ ಸೆಲ್ಲೇ ಇಲ್ಲ, ದೊಡ್ಡ ಬ್ಯಾಟರಿಯೇ ಗಡಿಯಾರವನ್ನೂ ನೋಡಿಕೊಳ್ಳುತ್ತದೆ. ಎಂಎಲ್ ಇದ್ದ ಜಾಗಕ್ಕೆ ಸಿಆರ್ ಹಾಕಲೇಬೇಡಿ. ಬೋರ್ಡ್ ಅದನ್ನು ಚಾರ್ಜ್ ಮಾಡಲು ಹೋಗುತ್ತದೆ, ಸೆಲ್ ಉಬ್ಬಿ ಸೋರುತ್ತದೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡೇ ಮುಟ್ಟಿ, ಬಯೋಸ್ ಸೆಟ್ಟಿಂಗ್ ಬದಲಾದಾಗ ಅದು ಕೀ ಕೇಳಬಹುದು.